ಮೇಲಿನ ಕಾಡು, ಕೆಳಗಿನ ದಾಸ್ತಾನು: ಮರಿಕಿನಾ ನೆರೆ ಕಲಿಸುವ ಲೆಕ್ಕ

ನೆರೆ ಇಳಿದ ಮೇಲೆ ಸರ್ಕಾರಗಳು ಮೃತರ ಸಂಖ್ಯೆಯನ್ನೂ ಕುಸಿದ ಮನೆಗಳ ಸಂಖ್ಯೆಯನ್ನೂ ಪ್ರಕಟಿಸುತ್ತವೆ. ಅದು ಮೊದಲು ಆಗಬೇಕಾದ ಕೆಲಸವೇ ಸರಿ. ಆದರೆ ತಿಂಗಳುಗಟ್ಟಲೆ ಬಾಗಿಲು ತೆರೆಯದ ಅಂಗಡಿ, ಕೆಸರಿನಲ್ಲಿ ಹೂತ ಯಂತ್ರ, ಹಬ್ಬದ ಮಾರಾಟಕ್ಕೆಂದು ತುಂಬಿಸಿಟ್ಟು ಹಾಳಾದ ಸರಕು, ಮತ್ತೆಂದೂ ವಸೂಲಾಗದ ಉದ್ರಿ ಬಾಕಿ ಇವುಗಳ ಲೆಕ್ಕ ಆ ಪಟ್ಟಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಅದು ಒಬ್ಬೊಬ್ಬ ವರ್ತಕನ ಖಾತೆ ಪುಸ್ತಕದಲ್ಲಿ ಚೂರು ಚೂರಾಗಿ ಉಳಿದುಬಿಡುತ್ತದೆ. ಹೀಗಾಗಿ ಪರಿಸರ ಸಂರಕ್ಷಣೆ ಎಂಬುದು ಸರ್ಕಾರಕ್ಕೂ ಸ್ವಯಂಸೇವಾ ಸಂಸ್ಥೆಗಳಿಗೂ ಸೇರಿದ ವಿಷಯ, ವ್ಯಾಪಾರಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ ಎಂಬ ಭಾವನೆ ವರ್ತಕ ಸಮುದಾಯದಲ್ಲಿ ಬೇರೂರಿದೆ. ಫಿಲಿಪ್ಪೀನ್ಸ್ ದೇಶದ ಮರಿಕಿನಾ ನಗರದ ಅನುಭವವು ಈ ಭಾವನೆ ಎಷ್ಟು ದುಬಾರಿ ಎಂಬುದನ್ನು ತೋರಿಸಿಕೊಟ್ಟಿದೆ.

ಪಾದರಕ್ಷೆಗಳ ಪಟ್ಟಣ

ಮರಿಕಿನಾ, ಮನಿಲಾ ಮಹಾನಗರ ಪ್ರದೇಶದ ಪೂರ್ವ ಅಂಚಿನಲ್ಲಿರುವ ನಗರ. 2020ರ ಜನಗಣತಿಯಂತೆ ಅದರ ಜನಸಂಖ್ಯೆ ಸುಮಾರು 4.56 ಲಕ್ಷ. ಅದೇ ಹೆಸರಿನ ನದಿಯು ಪೂರ್ವದ ಸಿಯೆರ್ರಾ ಮಾದ್ರೆ ಪರ್ವತಶ್ರೇಣಿಯಿಂದ ಇಳಿದು ಬಂದು, ನಗರದ ನಡುವೆ ಹಾದು, ಮುಂದೆ ಪಾಸಿಗ್ ನದಿಯನ್ನು ಸೇರುತ್ತದೆ. ನದಿಯ ಕಣಿವೆಯಲ್ಲಿಯೇ ಊರು ಬೆಳೆದಿದೆ.

ಈ ಊರಿನ ಹೆಸರು ಪಾದರಕ್ಷೆಗಳೊಂದಿಗೆ ಬೆಸೆದುಕೊಂಡಿದೆ. 1887ರಲ್ಲಿ ಕಪಿತಾನ್ ಮೋಯ್ ಎಂದೇ ಖ್ಯಾತರಾದ ಲೌರಿಯಾನೊ ಗುವೆವಾರಾ ಅವರು ಇಲ್ಲಿ ಪಾದರಕ್ಷೆ ತಯಾರಿಕೆಯನ್ನು ಆರಂಭಿಸಿದರು. ನಂತರದ ದಶಕಗಳಲ್ಲಿ ಮರಿಕಿನಾ ದೇಶದ ಪಾದರಕ್ಷೆಗಳ ರಾಜಧಾನಿ ಎಂಬ ಬಿರುದನ್ನು ಗಳಿಸಿತು. ಇಲ್ಲಿನ ಉದ್ಯಮ ಬೃಹತ್ ಕಾರ್ಖಾನೆಗಳದ್ದಲ್ಲ. ಮನೆಯ ಕೆಳ ಅಂತಸ್ತಿನಲ್ಲಿ ಕಾರ್ಯಾಗಾರ, ಮೇಲೆ ವಾಸ ಎಂಬ ಬಗೆಯ ಸಣ್ಣ ತಯಾರಕರು, ಅವರಿಗೆ ಚರ್ಮ, ಅಟ್ಟೆ, ಅಂಟು, ದಾರ ಪೂರೈಸುವ ವ್ಯಾಪಾರಿಗಳು, ಸಿದ್ಧ ಮಾಲನ್ನು ಕೊಳ್ಳುವ ಸಗಟು ವರ್ತಕರು ಸೇರಿ ಇದನ್ನು ನಡೆಸಿಕೊಂಡು ಬಂದಿದ್ದಾರೆ. ಆಮದು ಸರಕಿನ ಪೈಪೋಟಿಯಿಂದ ಈ ಉದ್ಯಮ ಮೊದಲೇ ಬಸವಳಿದಿತ್ತು. ಅದರ ಮೇಲೆ ನೆರೆ ಬಂದಿತು.

ಆರು ಗಂಟೆಗಳ ಮಳೆ

2009ರ ಸೆಪ್ಟೆಂಬರ್ 26, ಶನಿವಾರ. ಜಗತ್ತು ಕೆತ್ಸಾನಾ ಎಂದೂ ಫಿಲಿಪ್ಪೀನ್ಸ್ ಜನತೆ ಒಂಡೋಯ್ ಎಂದೂ ಕರೆದ ಚಂಡಮಾರುತ ಆ ದಿನ ಲೂಜಾನ್ ದ್ವೀಪವನ್ನು ದಾಟಿತು. ಆ ಹೊತ್ತಿಗೆ ಅದು ಇನ್ನೂ ಟೈಫೂನಿನ ಬಲವನ್ನು ಪಡೆದಿರಲಿಲ್ಲ. ಮನಿಲಾ ನಗರಕ್ಕೆ ಹೊರಡಿಸಿದ್ದ ಬಿರುಗಾಳಿ ಎಚ್ಚರಿಕೆಯೂ ಅತ್ಯಂತ ಕೆಳಗಿನ 1ನೇ ಸಂಖ್ಯೆಯದಾಗಿತ್ತು. ವರ್ಷಕ್ಕೆ ಸುಮಾರು ಇಪ್ಪತ್ತು ಚಂಡಮಾರುತಗಳು ತಮ್ಮ ವಲಯವನ್ನು ಪ್ರವೇಶಿಸುವುದನ್ನು ಕಂಡಿರುವ ಜನ ಅದನ್ನು ದೊಡ್ಡದೆಂದು ಎಣಿಸದೇ ಹೋದುದು ಸಹಜವೇ ಆಗಿತ್ತು.

ಆದರೆ ಆ ಎಚ್ಚರಿಕೆ ಅಳೆಯುತ್ತಿದ್ದುದು ಗಾಳಿಯನ್ನು, ಮಳೆಯನ್ನಲ್ಲ. ಕ್ವೆಜಾನ್ ನಗರದ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 455 ಮಿಲಿಮೀಟರ್ ಮಳೆ ದಾಖಲಾಯಿತು. ಅದರಲ್ಲಿ 341 ಮಿಲಿಮೀಟರ್ ಸುರಿದದ್ದು ಕೇವಲ ಆರು ಗಂಟೆಗಳಲ್ಲಿ. ಸೆಪ್ಟೆಂಬರ್ ತಿಂಗಳಿಡೀ ಬೀಳುವ ಸರಾಸರಿ ಮಳೆಗಿಂತ ಹೆಚ್ಚಿನ ಮಳೆ ಒಂದೇ ದಿನದಲ್ಲಿ ಬಂದಿತ್ತು. ಮರಿಕಿನಾ ನದಿಯ ಮಟ್ಟ 21.5 ಮೀಟರಿಗೆ ಏರಿತು. ನದಿಯ ತಿರುವಿನಲ್ಲಿರುವ ಪ್ರಾವಿಡೆಂಟ್ ವಿಲೇಜ್ ಬಡಾವಣೆಯಲ್ಲಿಯೂ ತಗ್ಗಿನ ತುಮಾನಾ, ಮಲಂದಾಯ್ ಪ್ರದೇಶಗಳಲ್ಲಿಯೂ ಜನ ಛಾವಣಿ ಏರಿ ಜೀವ ಉಳಿಸಿಕೊಳ್ಳಬೇಕಾಯಿತು. ದೇಶದಾದ್ಯಂತ ಈ ಒಂದು ಚಂಡಮಾರುತಕ್ಕೆ 460ಕ್ಕೂ ಹೆಚ್ಚು ಮಂದಿ ಬಲಿಯಾದರು.

ನೀರು ಬಂದ ವೇಗವೇ ವರ್ತಕರ ಪಾಲಿಗೆ ಹೆಚ್ಚು ಮಾರಕವಾಯಿತು. ಸಾಮಾನ್ಯ ನೆರೆಯಲ್ಲಿ ಸರಕನ್ನು ಮೇಲಿನ ಅಂತಸ್ತಿಗೆ ಸಾಗಿಸಲು ಅರ್ಧ ದಿನವಾದರೂ ಸಿಗುತ್ತದೆ. ಇಲ್ಲಿ ಅದು ದೊರೆಯಲಿಲ್ಲ. ಪಾದರಕ್ಷೆಯ ಕಾರ್ಯಾಗಾರವೊಂದಕ್ಕೆ ನೀರು ನುಗ್ಗಿದರೆ ಏನಾಗುತ್ತದೆ ಎಂಬುದನ್ನು ಆ ಕಸುಬು ಬಲ್ಲವರು ಊಹಿಸಬಲ್ಲರು. ನೆನೆದು ಒಣಗಿದ ಚರ್ಮ ಸೆಟೆದು ಬಿರುಸಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಪಾದದ ಆಕಾರದ ಮರದ ಅಚ್ಚುಗಳು ಉಬ್ಬಿ ಅಳತೆ ತಪ್ಪುತ್ತವೆ. ಹೊಲಿಗೆ ಯಂತ್ರದ ಮೋಟಾರಿನೊಳಗೆ ಕೆಸರು ಸೇರುತ್ತದೆ. ರಟ್ಟಿನ ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟ ಸಿದ್ಧ ಮಾಲು ಅರ್ಧ ಬೆಲೆಗೂ ಹೋಗುವುದಿಲ್ಲ. ಅದೂ ಕ್ರಿಸ್‌ಮಸ್ ಮಾರಾಟಕ್ಕಾಗಿ ಸರಕು ಶೇಖರಿಸುವ ಕಾಲ. ಕ್ಯಾಥೊಲಿಕ್ ಬಹುಸಂಖ್ಯಾತ ದೇಶದಲ್ಲಿ ವರ್ಷದ ಉಳಿದ ತಿಂಗಳುಗಳ ಕೊರತೆಯನ್ನು ತುಂಬಿಕೊಡುವ ಹಂಗಾಮು ಅದು.

ಕಂಡ ಹಾನಿ, ಕಾಣದ ನಷ್ಟ

ಒಂಡೋಯ್ ಬಂದುಹೋದ ಒಂದೇ ವಾರದಲ್ಲಿ ಪೆಪೆಂಗ್ ಎಂಬ ಮತ್ತೊಂದು ಚಂಡಮಾರುತ ಉತ್ತರ ಲೂಜಾನನ್ನು ಅಪ್ಪಳಿಸಿತು. ಇವೆರಡರಿಂದ ಆದ ನಷ್ಟವನ್ನು ಅಲ್ಲಿನ ಸರ್ಕಾರವು ವಿಶ್ವಬ್ಯಾಂಕ್ ಮೊದಲಾದ ಸಂಸ್ಥೆಗಳ ಜೊತೆಗೂಡಿ ಅಂದಾಜು ಮಾಡಿಸಿತು. ಒಟ್ಟು ಮೊತ್ತ 438 ಕೋಟಿ ಅಮೆರಿಕನ್ ಡಾಲರ್. ಅಂದರೆ ದೇಶದ ಒಟ್ಟು ಆಂತರಿಕ ಉತ್ಪನ್ನದ ಶೇ. 2.7ರಷ್ಟು.

ವರ್ತಕರು ಗಮನಿಸಬೇಕಾದ ಸಂಗತಿ ಈ ಮೊತ್ತದ ವಿಂಗಡಣೆಯಲ್ಲಿದೆ. ಕಟ್ಟಡ, ಯಂತ್ರ, ದಾಸ್ತಾನು ಮೊದಲಾದ ಆಸ್ತಿಗಳಿಗೆ ಆದ ಹಾನಿ ಸುಮಾರು 145 ಕೋಟಿ ಡಾಲರ್. ಉಳಿದ ಸುಮಾರು 293 ಕೋಟಿ ಡಾಲರ್, ಆ ಆಸ್ತಿಗಳು ಕೆಲಸ ಮಾಡದೇ ಹೋದುದರಿಂದ ಕೈತಪ್ಪಿದ ಆದಾಯ ಹಾಗೂ ತಲೆಯ ಮೇಲೆ ಬಿದ್ದ ಹೆಚ್ಚುವರಿ ವೆಚ್ಚ. ಕಣ್ಣಿಗೆ ಕಂಡ ಹಾನಿಗಿಂತ ಕಾಣದ ನಷ್ಟ ಎರಡು ಪಟ್ಟು. ಇದರಲ್ಲಿ ಸಿಂಹಪಾಲು ಉತ್ಪಾದನೆ ಮತ್ತು ವ್ಯಾಪಾರ ವಲಯದ್ದು. ಒಟ್ಟು ಹೊರೆಯ ಹತ್ತರಲ್ಲಿ ಸುಮಾರು ಒಂಬತ್ತು ಪಾಲನ್ನು ಹೊತ್ತದ್ದು ಸರ್ಕಾರವಲ್ಲ, ಖಾಸಗಿಯವರು.

ಸಣ್ಣ ಘಟಕವೊಂದರ ಅಢಾವೆ ಪತ್ರಿಕೆಯಲ್ಲಿ ಇದು ಹೇಗೆ ಮೂಡುತ್ತದೆ? ಆಸ್ತಿಯ ಬದಿಯಲ್ಲಿ ದಾಸ್ತಾನು ಅಳಿದುಹೋಗುತ್ತದೆ. ಅದನ್ನು ಕೊಳ್ಳಲು ಪಡೆದ ಸಾಲ ಹೊಣೆಯ ಬದಿಯಲ್ಲಿ ಹಾಗೆಯೇ ಉಳಿಯುತ್ತದೆ. ಬ್ಯಾಂಕಿನ ಬಡ್ಡಿ ನೆರೆಯ ದಿನಗಳಲ್ಲಿಯೂ ಏರುತ್ತದೆ. ಉದ್ರಿ ಪಡೆದ ಚಿಲ್ಲರೆ ವ್ಯಾಪಾರಿಯೂ ಅದೇ ನೀರಿನಲ್ಲಿ ಮುಳುಗಿರುವುದರಿಂದ ವಸೂಲಿಯ ಆಸೆಯೂ ಇಲ್ಲ. ಕಸುಬುದಾರರು ಬೇರೆ ಕೆಲಸ ಹುಡುಕಿಕೊಂಡು ಹೊರಡುತ್ತಾರೆ. ದೊಡ್ಡ ಕಂಪನಿಗೆ ಇದು ಒಂದು ತ್ರೈಮಾಸಿಕದ ಕಹಿ ಫಲಿತಾಂಶ. ಸಣ್ಣ ತಯಾರಕನಿಗೆ ಎರಡು ತಲೆಮಾರುಗಳ ದುಡಿಮೆಯ ಬಂಡವಾಳ. ಒಂದು ನೆರೆಯನ್ನು ಸಾಲ ಮಾಡಿಯಾದರೂ ದಾಟಬಹುದು. ಆ ಸಾಲ ತೀರುವ ಮೊದಲೇ ಎರಡನೆಯದು ಬಂದರೆ ಅಂಗಡಿಯ ಬೋರ್ಡು ಇಳಿಸುವುದೊಂದೇ ದಾರಿ.

ಮರಿಕಿನಾಕ್ಕೆ ಎರಡನೆಯದು ಬಂದಿತು, ಮೂರನೆಯದೂ ಬಂದಿತು. 2020ರ ನವೆಂಬರ್ 12ರಂದು ಉಲಿಸೆಸ್ ಎಂಬ ಟೈಫೂನಿನ ಮಳೆಗೆ ನದಿ 22 ಮೀಟರಿಗೆ ಏರಿ, 2009ರ ಮಟ್ಟವನ್ನೂ ಮೀರಿತು. ಕೋವಿಡ್ ನಿರ್ಬಂಧಗಳಿಂದ ವ್ಯಾಪಾರ ಆಗಲೇ ನೆಲಕಚ್ಚಿದ್ದ ವರ್ಷ ಅದು. 2024ರ ಜುಲೈ 24ರಂದು ಕರಿನಾ ಟೈಫೂನ್ ನೈಋತ್ಯ ಮಾರುತಕ್ಕೆ ಬಲ ತುಂಬಿದಾಗ ಮಟ್ಟ 20.7 ಮೀಟರ್ ತಲುಪಿತು. ಆ ಟೈಫೂನ್ ಫಿಲಿಪ್ಪೀನ್ಸ್ ನೆಲವನ್ನು ಮುಟ್ಟದೆಯೇ ದೂರದ ಸಮುದ್ರದಲ್ಲಿ ಹಾದುಹೋಗಿತ್ತು. ನೂರು ವರ್ಷಕ್ಕೊಮ್ಮೆ ಬರುವಂಥದ್ದು ಎಂದು ಸಮಾಧಾನಪಟ್ಟುಕೊಳ್ಳಲು ಈ ಹದಿನೈದು ವರ್ಷಗಳು ಅವಕಾಶ ಕೊಡಲಿಲ್ಲ.

ನದಿಯ ಮಟ್ಟ ನೋಡಿ ನಡೆಸುವ ವ್ಯಾಪಾರ

ಇಂತಹ ನದಿಯ ಪಕ್ಕದಲ್ಲಿ ಬದುಕುವುದನ್ನು ಮರಿಕಿನಾ ಕಲಿತುಕೊಂಡಿದೆ ಎಂಬುದನ್ನೂ ಹೇಳಬೇಕು. ಸಾಂತೊ ನೀನ್ಯೊ ಸೇತುವೆಯ ಬಳಿಯ ಮಾಪನ ಕೇಂದ್ರದಲ್ಲಿ ನೀರು 15 ಮೀಟರ್ ಮುಟ್ಟಿದರೆ ಮೊದಲ ಎಚ್ಚರಿಕೆ. 16 ಮೀಟರಿಗೆ ಎರಡನೆಯದು, ಜನ ಹೊರಡತೊಡಗಬೇಕು. 18 ಮೀಟರಿಗೆ ಮೂರನೆಯದು, ಕಡ್ಡಾಯವಾಗಿ ಮನೆ ತೆರವು ಮಾಡಬೇಕು. ಮಳೆಗಾಲದಲ್ಲಿ ಅಲ್ಲಿನ ವ್ಯಾಪಾರಿ ಮಾರುಕಟ್ಟೆಯ ದರಕ್ಕಿಂತ ಮೊದಲು ನದಿಯ ಮಟ್ಟವನ್ನು ವಿಚಾರಿಸುತ್ತಾನೆ ಎಂದರೆ ಅತಿಶಯೋಕ್ತಿಯಲ್ಲ.

ಸರ್ಕಾರವೂ ಕೆಲವು ಪಾಠಗಳನ್ನು ಬೇಗನೆ ಕಲಿಯಿತು. ಒಂಡೋಯ್ ಬಂದ ಒಂದು ತಿಂಗಳೊಳಗೆ, 2009ರ ಅಕ್ಟೋಬರ್ 23ರಂದು, ಹವಾಮಾನ ಬದಲಾವಣೆ ಕಾಯ್ದೆಗೆ ಅಂಕಿತ ಬಿತ್ತು. 2010ರ ವಿಪತ್ತು ಅಪಾಯ ತಗ್ಗಿಸುವ ಕಾಯ್ದೆಯು ಪ್ರತಿಯೊಂದು ಸ್ಥಳೀಯ ಆಡಳಿತವೂ ತನ್ನ ಅಂದಾಜು ಆದಾಯದ ಕನಿಷ್ಠ ಶೇ. 5ನ್ನು ಈ ಉದ್ದೇಶಕ್ಕೆ ಮೀಸಲಿಡಬೇಕೆಂದು ವಿಧಿಸಿತು. ಅದರಲ್ಲಿ ಶೇ. 30 ಮಾತ್ರ ತುರ್ತು ಪರಿಹಾರಕ್ಕೆ. ಉಳಿದದ್ದು ಮುನ್ನೆಚ್ಚರಿಕೆ, ಸಿದ್ಧತೆಯಂತಹ ಕಾರ್ಯಗಳಿಗೆ. 2012ರಲ್ಲಿ ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಬಣ್ಣಗಳ ಮಳೆ ಎಚ್ಚರಿಕೆಯನ್ನು ಜಾರಿಗೆ ತಂದಿತು. ಅದೇ ವರ್ಷ ನೆರೆಯ ಮುನ್ಸೂಚನೆಗಾಗಿ ನೋವಾ ಯೋಜನೆ ಆರಂಭವಾಯಿತು. ಗಾಳಿಯನ್ನಷ್ಟೇ ಅಳೆದು ಮಳೆಯನ್ನು ಮರೆತ ಲೋಪ ಹೀಗೆ ತಿದ್ದಿಕೊಂಡಿತು.

ಉದ್ಯಮಿಗಳೂ ಕೈಕಟ್ಟಿ ಕೂರಲಿಲ್ಲ. 2009ರಲ್ಲಿಯೇ ಅಲ್ಲಿನ ಪ್ರಮುಖ ಕಂಪನಿಗಳು ಸೇರಿ ವಿಪತ್ತು ಪುನರ್ನಿರ್ಮಾಣಕ್ಕಾಗಿ ಪ್ರತಿಷ್ಠಾನವೊಂದನ್ನು ಕಟ್ಟಿದವು. ಅದು ಇಂದು ಸಣ್ಣ ಉದ್ದಿಮೆಗಳಿಗೆ ವಿಪತ್ತಿನ ನಡುವೆಯೂ ವ್ಯವಹಾರ ಮುಂದುವರಿಸುವ ತರಬೇತಿಯನ್ನೂ ನೀಡುತ್ತಿದೆ. ಜೀವ ಉಳಿಸುವ ವ್ಯವಸ್ಥೆ ಮೊದಲಿಗಿಂತ ಸುಧಾರಿಸಿದೆ ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಎಚ್ಚರಿಕೆಯ ಗಂಟೆ ಜನರನ್ನು ಉಳಿಸಬಲ್ಲುದೇ ಹೊರತು ನೀರನ್ನು ತಡೆಯಲಾರದು. ಮನುಷ್ಯ ಓಡಿ ಎತ್ತರಕ್ಕೆ ಹೋಗಬಹುದು, ಕಾರ್ಯಾಗಾರ ಓಡಲಾರದು. ನೀರಿನ ಪ್ರಮಾಣವೇ ಕಡಿಮೆಯಾಗಬೇಕಾದರೆ ಅದು ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಬೇಕು.

ನೀರಿನ ಮೂಲದಲ್ಲಿ

ಮರಿಕಿನಾ ನದಿಯ ಜಲಾನಯನ ಪ್ರದೇಶ ನಗರದ ಮೇಲ್ಭಾಗದ ರಿಜಾಲ್ ಪ್ರಾಂತ್ಯದಲ್ಲಿದೆ. ಅದನ್ನು ಸಂರಕ್ಷಿಸಬೇಕೆಂಬ ಅರಿವು ಹೊಸದೇನಲ್ಲ. 1904ರಲ್ಲಿಯೇ, ಅಮೆರಿಕದ ಆಡಳಿತ ಕಾಲದಲ್ಲಿ, ಅದನ್ನು ಜಲಾನಯನ ಮೀಸಲು ಪ್ರದೇಶವೆಂದು ಘೋಷಿಸಲಾಗಿತ್ತು. ಆದರೂ ಮರ ಕಡಿತ, ಇದ್ದಿಲಿಗಾಗಿ ಸುಡುವಿಕೆ, ಅತಿಕ್ರಮಣ, ಭೂಮಿಯ ಮಾರಾಟ ಇವುಗಳಿಂದ ಕಾಡು ತೆಳುವಾಗುತ್ತ ಹೋಯಿತು. ಮಹಾನಗರದ ಕಟ್ಟಡಗಳಿಗೆ ಬೇಕಾದ ಜಲ್ಲಿ ಮತ್ತು ಸುಣ್ಣಕಲ್ಲನ್ನು ಒದಗಿಸುವ ಕಲ್ಲುಗಣಿಗಳೂ ಆ ಬೆಟ್ಟಗಳಲ್ಲಿಯೇ ತಲೆಯೆತ್ತಿದವು. ಒಂಡೋಯ್ ನಂತರ, 2011ರಲ್ಲಿ, ಸುಮಾರು 26,000 ಹೆಕ್ಟೇರ್ ಪ್ರದೇಶವನ್ನು ಸಂರಕ್ಷಿತ ಭೂದೃಶ್ಯವೆಂದು ಮತ್ತೊಮ್ಮೆ ಘೋಷಿಸಲಾಯಿತು. ಘೋಷಣೆ ಎರಡು ಬಾರಿ ಆಗಬೇಕಾಗಿ ಬಂದುದೇ ಮೊದಲನೆಯದರ ಗತಿ ಏನಾಯಿತೆಂಬುದನ್ನು ಹೇಳುತ್ತದೆ.

ಕಾಡು ಇರುವ ಇಳಿಜಾರು ಮಳೆಯನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ. ಬೋಳು ಇಳಿಜಾರು ಅದನ್ನು ತಕ್ಷಣವೇ ನದಿಗೆ ಸುರಿಯುತ್ತದೆ, ಜೊತೆಗೆ ಮಣ್ಣನ್ನೂ ಕಳುಹಿಸುತ್ತದೆ. ಆ ಮಣ್ಣು ಕೆಳಗೆ ನದಿಯ ತಳದಲ್ಲಿ ಕೂತು ಪಾತ್ರದ ಸಾಮರ್ಥ್ಯವನ್ನು ಕುಗ್ಗಿಸುತ್ತದೆ. ಎಂದರೆ ಬರುವ ನೀರು ಹೆಚ್ಚು, ಅದನ್ನು ಹೊರುವ ಪಾತ್ರೆ ಚಿಕ್ಕದು. ಅದರ ಮೇಲೆ ಬಿಸಿಯೇರಿದ ವಾತಾವರಣದ ಪಾಲೂ ಸೇರಿದೆ; ಉಷ್ಣಾಂಶ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಹಿಡಿದಿಡಬಲ್ಲ ನೀರಾವಿಯ ಪ್ರಮಾಣ ಸುಮಾರು ಶೇ. 7ರಷ್ಟು ಹೆಚ್ಚುತ್ತದೆಂಬುದು ಭೌತಶಾಸ್ತ್ರದ ಸ್ಥಾಪಿತ ನಿಯಮ. ಇಷ್ಟಾದರೂ ಅತಿವೃಷ್ಟಿಯನ್ನು ಕಾಡೊಂದೇ ಸಂಪೂರ್ಣವಾಗಿ ತಡೆಯುತ್ತದೆ ಎನ್ನುವುದು ಸರಿಯಲ್ಲ. 455 ಮಿಲಿಮೀಟರ್ ಮಳೆ ದಟ್ಟಡವಿಯ ಮೇಲೆ ಬಿದ್ದರೂ ನೆರೆ ಬರುತ್ತದೆ. ಆದರೆ ನೀರು ಎಷ್ಟು ಬೇಗ ಬರುತ್ತದೆ, ಎಷ್ಟು ಎತ್ತರಕ್ಕೆ ಏರುತ್ತದೆ ಎಂಬುದರಲ್ಲಿ ಕಾಡಿನ ಪಾತ್ರವಿದೆ. ದಾಸ್ತಾನನ್ನು ಮೇಲಂತಸ್ತಿಗೆ ಸಾಗಿಸಲು ಒಂದೆರಡು ಗಂಟೆ ಹೆಚ್ಚು ಸಿಗುವುದು, ನೀರು ಒಂದೆರಡು ಅಡಿ ಕಡಿಮೆ ನಿಲ್ಲುವುದು ವರ್ತಕನಿಗೆ ಸಣ್ಣ ಮಾತಲ್ಲ.

ಕಾಮಗಾರಿಯೊಂದನ್ನೇ ನಂಬಿದರೆ ಏನಾಗುತ್ತದೆಂಬುದಕ್ಕೂ ಇಲ್ಲಿ ಉದಾಹರಣೆಯಿದೆ. ಮರಿಕಿನಾ ನದಿಯ ನೆರೆಯನ್ನು ಮನಿಲಾದ ಹೃದಯಭಾಗಕ್ಕೆ ಹೋಗಗೊಡದೆ ಲಗುನಾ ಸರೋವರದತ್ತ ತಿರುಗಿಸಲು ಸೆಕೆಂಡಿಗೆ 2,400 ಘನಮೀಟರ್ ನೀರು ಸಾಗಿಸುವಂತೆ ಮಂಗಾಹನ್ ಕಾಲುವೆಯನ್ನು ರೂಪಿಸಿ, 1986ರಲ್ಲಿ ಪೂರ್ಣಗೊಳಿಸಲಾಯಿತು. ಮೂಲ ಚಿಂತನೆಯಲ್ಲಿ ಅದರ ಜೊತೆಗೆ ನದಿಗೆ ಅಡ್ಡಲಾಗಿ ನಿಯಂತ್ರಣ ದ್ವಾರವೂ, ಸರೋವರದ ಹೆಚ್ಚುವರಿ ನೀರನ್ನು ಮನಿಲಾ ಕೊಲ್ಲಿಗೆ ಹರಿಸುವ ಮತ್ತೊಂದು ಕಾಲುವೆಯೂ ಸೇರಿದ್ದವು. 2009ರ ನೆರೆ ಬಂದಾಗ ಅವೆರಡೂ ನಿರ್ಮಾಣವಾಗಿರಲಿಲ್ಲ. ಕಾಲುವೆಯ ದಂಡೆಗಳಲ್ಲಿ ಮನೆಗಳು ತುಂಬಿಕೊಂಡಿದ್ದವು. ಸರೋವರಕ್ಕೆ ಹೋದ ನೀರಿಗೆ ಹೊರದಾರಿ ಸಾಲದೆ ದಂಡೆಯ ಊರುಗಳು ತಿಂಗಳುಗಟ್ಟಲೆ ಜಲಾವೃತವಾಗಿ ಉಳಿದವು. ಒಬ್ಬರ ಅಂಗಳದ ನೀರನ್ನು ಇನ್ನೊಬ್ಬರ ಅಂಗಳಕ್ಕೆ ತಳ್ಳುವುದು ಪರಿಹಾರವಲ್ಲ, ಹೊಣೆಯ ವರ್ಗಾವಣೆ ಮಾತ್ರ.

ಖರ್ಚು ಇದೆ, ಆಸ್ತಿ ಎಲ್ಲಿ?

ನೆರೆ ತಡೆಗೆ ಹಣವಿರಲಿಲ್ಲ ಎನ್ನುವಂತಿಲ್ಲ. 2025ರ ಜುಲೈನಲ್ಲಿ ರಾಷ್ಟ್ರವನ್ನುದ್ದೇಶಿಸಿ ಮಾಡಿದ ವಾರ್ಷಿಕ ಭಾಷಣದಲ್ಲಿ ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್ ಕಿರಿಯ ಅವರು ನೆರೆ ನಿಯಂತ್ರಣ ಕಾಮಗಾರಿಗಳಲ್ಲಿನ ಅಕ್ರಮವನ್ನು ಬಹಿರಂಗವಾಗಿ ಖಂಡಿಸಿದರು. ಮರುತಿಂಗಳು ಬಿಡುಗಡೆಯಾದ ವಿವರಗಳ ಪ್ರಕಾರ 2022ರ ಜುಲೈನಿಂದ ಸುಮಾರು 545 ಶತಕೋಟಿ ಪೆಸೊ ಮೊತ್ತದ 9,855 ಕಾಮಗಾರಿಗಳು ನಡೆದಿದ್ದವು. ಅದರಲ್ಲಿ ಸುಮಾರು 100 ಶತಕೋಟಿ ಪೆಸೊ ಮೊತ್ತದ ಕೆಲಸ ಕೇವಲ 15 ಗುತ್ತಿಗೆದಾರರ ಪಾಲಾಗಿತ್ತು. ಪರಿಶೀಲನೆಗೆ ಹೋದಾಗ ಕೆಲವೆಡೆ ಕಾಗದದ ಮೇಲೆ ಪೂರ್ಣಗೊಂಡ ತಡೆಗೋಡೆ ಸ್ಥಳದಲ್ಲಿ ಇರಲೇ ಇಲ್ಲ. ಸೆಪ್ಟೆಂಬರ್‌ನಲ್ಲಿ ಸ್ವತಂತ್ರ ತನಿಖಾ ಆಯೋಗ ನೇಮಕವಾಯಿತು. ಅದೇ ತಿಂಗಳ 21ರಂದು ಮನಿಲಾದ ಬೀದಿಗಳಲ್ಲಿ ಸಹಸ್ರಾರು ನಾಗರಿಕರು ಪ್ರತಿಭಟಿಸಿದರು.

ಲೆಕ್ಕಪರಿಶೋಧನೆಯ ಮೊದಲ ಪಾಠಗಳಲ್ಲಿ ಆಸ್ತಿಗಳ ಪ್ರತ್ಯಕ್ಷ ತಪಾಸಣೆಯೂ ಒಂದು. ವೋಚರು ಇದ್ದರೆ ಸಾಲದು, ವಸ್ತು ಇರಬೇಕು. ಈ ಪಾಠ ಗಿಡ ನೆಡುವ ಕಾರ್ಯಕ್ರಮಗಳಿಗೂ ಅಷ್ಟೇ ಅನ್ವಯಿಸುತ್ತದೆ. ಅದೇ ದೇಶದಲ್ಲಿ 2011ರಿಂದ 2016ರ ಅವಧಿಗೆ 15 ಲಕ್ಷ ಹೆಕ್ಟೇರಿನಲ್ಲಿ 150 ಕೋಟಿ ಸಸಿಗಳನ್ನು ನೆಡುವ ಬೃಹತ್ ಹಸಿರೀಕರಣ ಕಾರ್ಯಕ್ರಮ ಹಾಕಿಕೊಳ್ಳಲಾಗಿತ್ತು. ಕಾಡಿನ ಹರವನ್ನು ಹೆಚ್ಚಿಸುವ ಗುರಿಯಿಂದ ಅದು ದೂರವೇ ಉಳಿಯಿತೆಂದು ಅಲ್ಲಿನ ಲೆಕ್ಕಪರಿಶೋಧನಾ ಆಯೋಗವೇ ನಂತರ ವರದಿ ಮಾಡಿತು. ನೆಟ್ಟ ಸಸಿ ಖರ್ಚಿನ ಬಾಬ್ತು. ಬದುಕಿ ಬೆಳೆದ ಮರ ಮಾತ್ರ ಆಸ್ತಿ. ಮೂರು ವರ್ಷದ ನಂತರ ಎಷ್ಟು ಉಳಿದಿವೆ ಎಂದು ಎಣಿಸದ ಕಾರ್ಯಕ್ರಮ, ವರ್ಷಾಂತ್ಯದ ದಾಸ್ತಾನು ಎಣಿಸದ ಅಂಗಡಿಯಂತೆಯೇ ಸರಿ.

ಹಾಗೆಂದು ಎಲ್ಲ ಪ್ರಯತ್ನಗಳೂ ವ್ಯರ್ಥವೆಂದು ತೀರ್ಮಾನಿಸುವುದು ತಪ್ಪಾದೀತು. 1992ರಿಂದ 2001ರವರೆಗೆ ಮರಿಕಿನಾದ ಮೇಯರ್ ಆಗಿದ್ದ ಬಯಾನಿ ಫೆರ್ನಾಂಡೊ ಅವರ ಕಾಲದಲ್ಲಿ ನದಿದಂಡೆಯ ಅತಿಕ್ರಮಣ ತೆರವುಗೊಂಡು, ಅಲ್ಲಿನ ಕುಟುಂಬಗಳಿಗೆ ಬೇರೆಡೆ ನೆಲೆ ಒದಗಿಸಿ, ಕೊಳಕು ದಂಡೆ ಉದ್ಯಾನವಾಗಿ ಮಾರ್ಪಟ್ಟಿತು. ಆ ಉದ್ಯಾನ ನೆರೆಯ ನೀರಿಗೆ ಹರಡಿಕೊಳ್ಳಲು ಜಾಗವನ್ನೂ ಕೊಡುತ್ತದೆ. ಒಂದು ಸ್ಥಳೀಯ ಆಡಳಿತ ಮನಸ್ಸು ಮಾಡಿದರೆ ತನ್ನ ಗಡಿಯೊಳಗೆ ಏನು ಸಾಧ್ಯವೆಂಬುದಕ್ಕೆ ಇದು ನಿದರ್ಶನ. ಗಡಿಯ ಆಚೆಗಿನ ಬೆಟ್ಟದ ಮೇಲೆ ಅದಕ್ಕೆ ಅಧಿಕಾರವಿರಲಿಲ್ಲ ಎಂಬುದೇ ಅದರ ಮಿತಿಯೂ ಆಯಿತು. ನದಿಗೆ ಆಡಳಿತದ ಗಡಿಗಳು ತಿಳಿಯವು. ಮೇಲಿನ ಊರು ಮತ್ತು ಕೆಳಗಿನ ಊರು ಒಂದೇ ಲೆಕ್ಕದಲ್ಲಿ ಪಾಲುದಾರರಾಗದ ಹೊರತು ಆ ಲೆಕ್ಕ ತಾಳೆಯಾಗುವುದಿಲ್ಲ.

ಕರ್ನಾಟಕದ ವರ್ತಕರಿಗೆ

ಒಂಡೋಯ್ ಮನಿಲಾವನ್ನು ಮುಳುಗಿಸಿದ ಕೆಲವೇ ದಿನಗಳಲ್ಲಿ, 2009ರ ಸೆಪ್ಟೆಂಬರ್ ಅಂತ್ಯ ಮತ್ತು ಅಕ್ಟೋಬರ್ ಆರಂಭದಲ್ಲಿ, ಉತ್ತರ ಕರ್ನಾಟಕವೂ ಭೀಕರ ನೆರೆಗೆ ಸಿಲುಕಿತ್ತು. ಅದು ಬಂಗಾಳಕೊಲ್ಲಿಯ ವಾಯುಭಾರ ಕುಸಿತದಿಂದ ಬಂದ ಪ್ರತ್ಯೇಕ ವಿಪತ್ತು. ಆದರೆ ಬರಗಾಲಕ್ಕೆ ಹೆಸರಾದ ಜಿಲ್ಲೆಗಳಲ್ಲಿ ನೆರೆಯ ವಿಮೆಯ ಬಗ್ಗೆ ಯೋಚಿಸಿದವರು ವಿರಳವೆಂಬ ಸತ್ಯ ಅಂದು ಹೊರಬಿತ್ತು. 2022ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಂಪನಿಗಳ ಒಕ್ಕೂಟವು ಆಗಸ್ಟ್ 30ರ ಒಂದೇ ದಿನದ ಮಳೆಯಿಂದ ತಮಗಾದ ನಷ್ಟ ರೂ. 225 ಕೋಟಿ ಎಂದು ಮುಖ್ಯಮಂತ್ರಿಗಳಿಗೆ ಪತ್ರ ಬರೆಯಿತು. ನೌಕರರು ರಸ್ತೆಯಲ್ಲಿಯೇ ಸಿಲುಕಿಕೊಂಡುದರಿಂದ ಆದ ನಷ್ಟ ಅದು. ಕಾಣದ ನಷ್ಟ ಎಂಬುದು ಮನಿಲಾಕ್ಕೆ ಮೀಸಲಲ್ಲ.

ಈ ಹಿನ್ನೆಲೆಯಲ್ಲಿ ಸಣ್ಣ ಉದ್ದಿಮೆದಾರರು ಕೆಲವು ವಿಷಯಗಳನ್ನು ಮಳೆಗಾಲಕ್ಕೆ ಮೊದಲೇ ಪರಿಶೀಲಿಸಿಕೊಳ್ಳುವುದು ಒಳ್ಳೆಯದು.

ಮೊದಲನೆಯದಾಗಿ ವಿಮಾ ಮೊತ್ತ. ರೂ. 40 ಲಕ್ಷದ ದಾಸ್ತಾನಿಗೆ ರೂ. 20 ಲಕ್ಷದ ವಿಮೆ ಮಾಡಿಸಿ, ರೂ. 10 ಲಕ್ಷದ ಸರಕು ಹಾಳಾದರೆ, ಸಾಮಾನ್ಯ ಪಾಲಿಸಿಯ ಸರಾಸರಿ ನಿಯಮದಂತೆ ಸಿಗುವುದು ರೂ. 5 ಲಕ್ಷ ಮಾತ್ರ. ಕಂತು ಉಳಿಸಲು ಮಾಡಿದ ಕಡಿತ ಪರಿಹಾರದಲ್ಲಿ ಅದೇ ಪ್ರಮಾಣದಲ್ಲಿ ಮರಳಿ ಕಡಿತವಾಗುತ್ತದೆ. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯು ಒಂದು ಸ್ಥಳದಲ್ಲಿ ರೂ. 5 ಕೋಟಿವರೆಗಿನ ಆಸ್ತಿಯುಳ್ಳ ಘಟಕಗಳಿಗೆ ನೆರೆಯ ರಕ್ಷಣೆಯನ್ನೂ ಒಳಗೊಂಡಿದೆ. ವಿಮಾ ಮೊತ್ತದ ಕೊರತೆ ಶೇ. 15ರ ಮಿತಿಯಲ್ಲಿದ್ದರೆ ಕಡಿತ ಮಾಡುವುದಿಲ್ಲ.

ಎರಡನೆಯದಾಗಿ, ವ್ಯವಹಾರ ನಿಂತುಹೋದುದರಿಂದ ತಪ್ಪಿದ ಲಾಭಕ್ಕೆ ಬೇರೆಯೇ ವಿಮೆ ಬೇಕು. ಮನಿಲಾದಲ್ಲಿ ಹಾನಿಗಿಂತ ಎರಡು ಪಟ್ಟು ಇದ್ದುದು ಈ ಬಾಬ್ತೇ ಎಂಬುದನ್ನು ನೆನಪಿಡಬೇಕು.

ಮೂರನೆಯದಾಗಿ, ನಾಶವಾದ ಸರಕಿನ ಮೇಲೆ ಪಡೆದ ಹೂಡುವಳಿ ತೆರಿಗೆಯ ಜಮೆಯನ್ನು ಜಿಎಸ್‌ಟಿ ಕಾಯ್ದೆಯಂತೆ ಹಿಂತಿರುಗಿಸಬೇಕಾಗುತ್ತದೆ. ವಿಮಾ ಮೊತ್ತ ನಿಗದಿಪಡಿಸುವಾಗ ತೆರಿಗೆಯ ಅಂಶವನ್ನೂ ಸೇರಿಸಿಕೊಳ್ಳದಿದ್ದರೆ ಅಷ್ಟು ಹಣ ಕೈಯಿಂದಲೇ ಹೋಗುತ್ತದೆ.

ನಾಲ್ಕನೆಯದಾಗಿ, ದಾಸ್ತಾನು ಪುಸ್ತಕ, ಖರೀದಿ ಬಿಲ್ಲು, ಯಂತ್ರಗಳ ಭಾವಚಿತ್ರ ಇವುಗಳ ಪ್ರತಿ ಬೇರೆ ಸ್ಥಳದಲ್ಲಿರಬೇಕು. ಸರಕಿನೊಂದಿಗೆ ಸಾಕ್ಷ್ಯವೂ ಮುಳುಗಿದರೆ ಸಮೀಕ್ಷಕರ ಮುಂದೆ ಹೇಳಿಕೊಳ್ಳಲು ಬಾಯಿಮಾತಷ್ಟೇ ಉಳಿಯುತ್ತದೆ.

ಆದರೆ ವಿಮೆ ನಷ್ಟವನ್ನು ಹಂಚುತ್ತದೆ, ಕಡಿಮೆ ಮಾಡುವುದಿಲ್ಲ. ಪದೇ ಪದೇ ನೆರೆ ಬರುವ ಪ್ರದೇಶಕ್ಕೆ ಕಾಲಕ್ರಮದಲ್ಲಿ ಕಂತು ಏರುತ್ತದೆ, ಷರತ್ತುಗಳು ಬಿಗಿಯಾಗುತ್ತವೆ. ಆದ್ದರಿಂದ ಐದನೆಯ ಕೆಲಸವೇ ಎಲ್ಲಕ್ಕಿಂತ ಮುಖ್ಯವಾದುದು. ಅದು ಒಬ್ಬೊಬ್ಬರಿಂದ ಆಗುವಂಥದ್ದಲ್ಲ. ತಮ್ಮ ಕೈಗಾರಿಕಾ ಪ್ರದೇಶದ ಮಳೆನೀರು ಯಾವ ರಾಜಕಾಲುವೆಯಿಂದ ಯಾವ ಕೆರೆಗೆ ಹೋಗಬೇಕು, ಆ ದಾರಿ ಈಗ ತೆರೆದಿದೆಯೇ, ಮೇಲ್ಭಾಗದ ಕೆರೆ ಮತ್ತು ಗುಡ್ಡದ ಸ್ಥಿತಿ ಏನು ಎಂಬುದನ್ನು ವರ್ತಕರ ಸಂಘಗಳು ವರ್ಷಕ್ಕೊಮ್ಮೆ ಸ್ಥಳಕ್ಕೆ ಹೋಗಿ ನೋಡಿ ದಾಖಲಿಸಬೇಕು. ತಮ್ಮದೇ ಘಟಕಗಳ ಚರ್ಮದ ತುಂಡು, ಸ್ಪಂಜು, ಪ್ಲಾಸ್ಟಿಕ್ ಹಾಳೆ ಚರಂಡಿ ಸೇರದಂತೆ ನೋಡಿಕೊಳ್ಳುವ ಹೊಣೆಯನ್ನು ಮೊದಲು ತಾವೇ ಹೊರಬೇಕು. ಆಗಲೇ ಪಾಲಿಕೆಯ ಮುಂದೆ ಗಟ್ಟಿಯಾಗಿ ಮಾತನಾಡುವ ಹಕ್ಕು ಬರುತ್ತದೆ. ನೆರೆ ತಡೆ ಕಾಮಗಾರಿಗಳ ಪಟ್ಟಿ, ಮೊತ್ತ ಮತ್ತು ಸ್ಥಳವನ್ನು ಸಾರ್ವಜನಿಕಗೊಳಿಸುವಂತೆ ಕೇಳುವ ಕೆಲಸಕ್ಕೆ ಲೆಕ್ಕ ಬಲ್ಲ ವರ್ತಕರಿಗಿಂತ ಯೋಗ್ಯರು ಯಾರು?

ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕುವ ಪದ್ಧತಿ ಎಲ್ಲ ದೇಶಗಳಲ್ಲಿಯೂ ಇದೆ. ಮರಿಕಿನಾದ ಪಾದರಕ್ಷೆ ತಯಾರಕರು ಹದಿನೈದು ವರ್ಷಗಳಲ್ಲಿ ಮೂರು ದೊಡ್ಡ ನೆರೆಗಳನ್ನು ಕಂಡರು. ಪ್ರತಿ ಸಲವೂ ಕೆಸರು ಬಳಿದು, ಯಂತ್ರ ತೊಳೆದು, ಸಾಲ ಮಾಡಿ, ಮತ್ತೆ ಬಾಗಿಲು ತೆರೆದವರು ಅವರಲ್ಲಿ ಅನೇಕರು. ಅವರ ಛಲ ಮೆಚ್ಚುವಂಥದ್ದು. ಆದರೆ ಛಲದ ಮೇಲೆ ಎಷ್ಟು ಕಾಲ ವ್ಯಾಪಾರ ನಡೆದೀತು? ಅವರ ದಾಸ್ತಾನಿನ ಸುರಕ್ಷತೆ ಅವರು ಎಂದೂ ಖರೀದಿಸದ, ಅವರ ಅಢಾವೆ ಪತ್ರಿಕೆಯಲ್ಲಿ ಎಂದೂ ಕಾಣಿಸದ ಒಂದು ಬೆಟ್ಟದ ಕಾಡನ್ನು ಅವಲಂಬಿಸಿದೆ. ಯಂತ್ರಕ್ಕೆ ಸವಕಳಿ ತೆಗೆದಿಡುವ ಉದ್ಯಮ, ಆ ಕಾಡಿನ ಸವಕಳಿಗೂ ಒಂದಿಷ್ಟು ತೆಗೆದಿಡಲು ಕಲಿಯಬೇಕಾಗಿದೆ. ಅದನ್ನು ದಾನವೆಂದು ಬರೆಯದೆ ವ್ಯವಹಾರದ ವೆಚ್ಚವೆಂದೇ ಬರೆದುಕೊಳ್ಳುವುದು ಸರಿಯಾದ ಲೆಕ್ಕ.